ಸುಣ್ಣ ಬಳಿಯದೆ ಬಿಟ್ಟ ಗೆರೆ

"ಒರೆಸಬೇಡಿ! ಪ್ಲೀಸ್... ಆ ಗೋಡೆ ಒರೆಸಬೇಡಿ!"

ಬಾಗಿಲಲ್ಲಿ ನಿಂತು ಅವಳು ಕೂಗಿದ ಕೂಗಿಗೆ ಒಳಗಿದ್ದವನ ಕೈ ತಡೆಯಿತು. ಕೈಯಲ್ಲಿ ಒದ್ದೆ ಬಟ್ಟೆ, ಕಾಲ ಬಳಿ ಕೆಸರು ನೀರಿನ ಬಕೆಟ್. ಅವನು ತಿರುಗಿ ನೋಡಿದ.

"ಯಾರ್ರೀ ನೀವು?"

"ನದಿ ಮಾಪನ ಕಚೇರಿಯಿಂದ ಬಂದಿದೀನಿ. ನೀರು ಎಲ್ಲಿವರೆಗೆ ಏರಿತ್ತು ಅಂತ ಮನೆ ಮನೆಗೂ ಅಳತೆ ತಗೋಬೇಕು. ಆ ಕೆಸರಿನ ಗೆರೆ ಹೋದ್ರೆ ನಮಗೆ ಏನೂ ಸಿಗಲ್ಲ..."

ಗೋಡೆಯ ಉದ್ದಕ್ಕೂ ಕಂದು ಬಣ್ಣದ ಗೆರೆಯೊಂದು ಅವಳ ಹುಬ್ಬಿನ ಮಟ್ಟಕ್ಕಿತ್ತು. ಅರ್ಧ ಗೋಡೆಯಲ್ಲಿ ಅವನು ಆಗಲೇ ಅದನ್ನು ಉಜ್ಜಿ ತೆಗೆದಿದ್ದ.

"ನಿಮಗೆ ಗೆರೆ ಬೇಕು. ಅದರ ಕೆಳಗೇನಿದೆ ನೋಡಿದ್ರಾ?"

ನೋಡಿದಳು. ಗೆರೆಯ ಕೆಳಗೆ ಒಂದು ಕಬ್ಬಿಣದ ಮಂಚ. ಹಾಸಿಗೆ ಇರಲಿಲ್ಲ. ಮಂಚದ ಕಾಲಿಗೆ ಒಂದು ಊರುಗೋಲನ್ನು ಯಾರೋ ತೊಳೆದು ಒರಗಿಸಿಟ್ಟಿದ್ದರು.

"ನಮ್ಮಮ್ಮ ಇಲ್ಲಿ ಮಲಗಿದ್ಳು. ಎದ್ದು ಓಡಾಡೋಕೆ ಆಗ್ತಿರಲಿಲ್ಲ ಅವಳಿಗೆ. ಈಗ ನೀವೇ ಹೇಳಿ, ಈ ಗೆರೆ ಇಟ್ಕೊಂಡು ದಿನಾ ನೋಡ್ತಾ ಕೂರ್ಲಾ?"

ಬೇರೆ ಯಾರಾಗಿದ್ದರೂ ತಲೆ ತಗ್ಗಿಸಿ ಹೊರಟುಬಿಡುತ್ತಿದ್ದರು. ಆದರೆ ನಮ್ಮ ಹುಡುಗಿ ಪಟ್ಟು ಹಿಡಿದರೆ ಬಿಡುವ ಪೈಕಿಯಲ್ಲ. ಕಚೇರಿಯಲ್ಲಿ ಸಾಹೇಬರೇ ಅವಳ ಹಟಕ್ಕೆ ಕೈ ಮುಗಿದಿದ್ದರು.

"ಒಂದು ನಿಮಿಷ ಕೊಡಿ. ಅಳತೆ ತಗೊಂಡ ಮೇಲೆ... ನಾನೇ ಒರೆಸಿಕೊಡ್ತೀನಿ."

ಅವನು ಪಕ್ಕಕ್ಕೆ ಸರಿದ. ಅವಳು ಟೇಪು ಹಿಡಿದಳು. ಅಳತೆ ಬರೆದುಕೊಂಡು ಟೇಪನ್ನು ಚೀಲಕ್ಕೆ ಹಾಕಿದಳು, ತೋಳು ಮಡಚಿದಳು, ಬಕೆಟ್ಟಿನಲ್ಲಿದ್ದ ಇನ್ನೊಂದು ಬಟ್ಟೆಯನ್ನು ಹಿಂಡಿ ನಿಜವಾಗಿಯೂ ಗೋಡೆ ಉಜ್ಜಲು ನಿಂತಳು! ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದವನು ಆಮೇಲೆ ತಾನೂ ಉಜ್ಜತೊಡಗಿದ.

ಮಂಚದ ತಲೆದೆಸೆಯ ಹತ್ತಿರ ಬಂದಾಗ ಅವನು ಅವಳ ಕೈ ತಡೆದ.

"ಅಷ್ಟು ಇರಲಿ."

"ಬೇಡ ಅಂದ್ರಲ್ಲ?"

"ಬೇಡ." ಅವನ ದನಿ ಒಡೆಯಿತು. "ಆದ್ರೂ ಇರಲಿ."

ಗೇಣುದ್ದದ ಗೆರೆ ಅಲ್ಲೇ ಉಳಿಯಿತು.

* * *

ನದಿಯ ಮಗ್ಗುಲಿನ ಆ ಬೀದಿಯಲ್ಲಿ ಎಲ್ಲರೂ ಅವನನ್ನು ಪೇಂಟರ್ ಎಂದೇ ಕರೆಯುತ್ತಿದ್ದರು. ಬೀದಿಯ ಗೋಡೆಗಳಿಗೆಲ್ಲ ಬಣ್ಣ ಹೊಡೆದವನು ಅವನೇ. ಈಗ ಆ ಗೋಡೆಗಳೆಲ್ಲ ಕೆಸರಾಗಿದ್ದವು.

ಕಚೇರಿಯವರೆಂದರೆ ಬೀದಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. "ಎಲ್ಲಾ ಮುಗಿದ ಮೇಲೆ ಟೇಪು ಹಿಡ್ಕೊಂಡು ಬಂದ್ರಾ, ತಾಯಿ?" ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದರು. ಅವಳು ಮೂರನೇ ಬಾಗಿಲಿಂದಲೂ ಬೈಸಿಕೊಂಡು ಬಂದದ್ದನ್ನು ಪೇಂಟರ್ ತನ್ನ ಮನೆಯ ಮೆಟ್ಟಿಲಿಂದ ನೋಡಿದ. ಮರುದಿನದಿಂದ ಅವನೇ ಮುಂದೆ ನಡೆದ.

"ನೀವು ಅಳೆದು ಹೋಗಿ. ನಾನು ಹಿಂದೇನೇ ಸುಣ್ಣ ಹೊಡ್ಕೊಂಡು ಬರ್ತೀನಿ" ಎಂದ.

ಅದೇ ಅವರ ದಿನಚರಿಯಾಯಿತು. ಅವನ ಅಕ್ಕ ಊರಿನ ಇನ್ನೊಂದು ಬದಿಯಿಂದ ದಿನಾ ಟೀ ತರುತ್ತಿದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ. ಬಂದ ಮೊದಲ ದಿನವೇ ನಮ್ಮ ಹುಡುಗಿಗೆ ಹೆಸರಿಟ್ಟುಬಿಟ್ಟಳು.

"ಏ ಟೇಪಮ್ಮ, ಬಾ ಇಲ್ಲಿ. ಊರಿನ ಗೋಡೆ ಎಲ್ಲಾ ಅಳೀತೀಯಲ್ಲ, ನನ್ನ ತಮ್ಮನ ಸಿಟ್ಟು ಎಷ್ಟುದ್ದ ಇದೆ ಅಳೆದು ಹೇಳು ನೋಡೋಣ!"

"ಅಕ್ಕಾ... ಸುಮ್ನಿರೇ" ಎಂದು ಪೇಂಟರ್ ಮುಖ ಆಚೆ ತಿರುಗಿಸಿದ. ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು.

ನೋಡಬಾರದಿತ್ತು... ಯಾಕೆಂದರೆ ಅವತ್ತಿನಿಂದ ಅವಳಿಗೆ ಬೆಳಗಾಗುವುದೇ ತಡ, ಆ ಕೆಸರು ಬೀದಿಗೆ ಕಾಲು ತಾನಾಗಿ ಎಳೆಯುತ್ತಿತ್ತು. ಇಷ್ಟು ದುಃಖದ ಜಾಗದಲ್ಲಿ ನನಗೆ ಸಂತೋಷ ಆಗ್ತಿದೆಯಲ್ಲ, ನಾನೆಂಥವಳು ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡೇ ತಲೆ ಬಾಚಿಕೊಂಡಳು.

ಒಂದು ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಟೀ ಹಿಡಿದು ಕೂತಿದ್ದಾಗ ಅವನು ಇದ್ದಕ್ಕಿದ್ದಂತೆ ಕೇಳಿದ.

"ನಿಮ್ಮ ಕಚೇರೀಲಿ ನೀರಕ್ಕ ಅಂತ ಯಾರಾದ್ರೂ ಇದಾರಾ?"

ಲೋಟದ ಟೀ ತುಳುಕಿ ಕೈ ಮೇಲೆ ಬಿತ್ತು.

"ಯಾ... ಯಾಕೆ?"

"ಫೋನಲ್ಲಿ ಬರೀತಾಳೆ. ಮಳೆ, ನದಿ, ಹವಾಮಾನ ಬದಲಾವಣೆ ಅಂತ. ಎರಡು ವರ್ಷ ಅವಳ ಜೊತೆ ಜಗಳ ಆಡಿದೀನಿ ನಾನು. ಸುಣ್ಣ ಅನ್ನೋ ಹೆಸರಲ್ಲಿ."

ಸುಣ್ಣ!

ನೀರಕ್ಕ ಬೇರೆ ಯಾರೂ ಅಲ್ಲ, ಅವಳೇ. ಕಚೇರಿಯ ಒಣ ಪ್ರಕಟಣೆಗಳನ್ನು ಯಾರೂ ಓದುವುದಿಲ್ಲವೆಂದು ತಾನೇ ಆ ಹೆಸರಲ್ಲಿ ಬರೆಯತೊಡಗಿದ್ದಳು. ಅವಳು ಬರೆದದ್ದರ ಕೆಳಗೆಲ್ಲ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದವನು ಈ ಸುಣ್ಣ.

"ನಮ್ಮಜ್ಜಿ ಕಾಲದಲ್ಲೂ ನದಿ ಉಕ್ಕಿತ್ತು. ಆಗ ಯಾವ ಕಾರ್ಖಾನೆ ಹೊಗೆ ಇತ್ತು?" ಎಂದು ಅವನು ಬರೆಯುತ್ತಿದ್ದ.

"ಉಕ್ಕಿತ್ತು. ಈಗ ಹೆಚ್ಚು ಸಲ ಉಕ್ಕುತ್ತೆ, ಹೆಚ್ಚು ಎತ್ತರಕ್ಕೆ ಉಕ್ಕುತ್ತೆ. ಸಮುದ್ರ ಬಿಸಿಯಾದಷ್ಟೂ ಮೋಡ ಹೆಚ್ಚು ನೀರು ಹೊರುತ್ತೆ" ಎಂದು ಅವಳು ಬರೆಯುತ್ತಿದ್ದಳು.

"ಎಷ್ಟು ಗಂಟೆಗೆ, ಎಷ್ಟು ಅಡಿ? ಅದನ್ನ ಹೇಳೋಕಾಗಲ್ಲ. ಭೂಮಿಯ ಭವಿಷ್ಯ ಹೇಳೋಕೆ ಬರ್ತೀರಿ!"

ಎಷ್ಟು ಗಂಟೆಗೆ, ಎಷ್ಟು ಅಡಿ... ಅದು ಅವನ ಖಾಯಂ ಪ್ರಶ್ನೆ. ಓದಿದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಯಾಕೆ..." ಎಂದಳು ಈಗ, ಹೇಗೋ ಸಾವರಿಸಿಕೊಂಡು. "ಯಾಕೆ ಜಗಳ ಆಡ್ತಿದ್ರಿ?"

"ಎರಡು ಸಲ ರೆಡ್ ಅಲರ್ಟ್ ಅಂದ್ರು. ಎರಡು ಸಲಾನೂ ಅಮ್ಮನ್ನ ಕುರ್ಚಿ ಸಮೇತ ಹೊತ್ಕೊಂಡು ಶಾಲೆ ಹಾಲ್‌ಗೆ ಹೋದ್ವಿ. ನೀರು ಬೀದಿಗೆ ಬರಲೇ ಇಲ್ಲ. ಎರಡನೇ ಸಲ ಆ ತಣ್ಣನೆ ನೆಲದ ಮೇಲೆ ಮಲಗಿ ಅಮ್ಮಂಗೆ ನ್ಯುಮೋನಿಯಾ ಆಯ್ತು. ಅಲ್ಲಿವರೆಗೂ ಕೋಲು ಹಿಡ್ಕೊಂಡು ನಡೀತಿದ್ಳು. ಆಸ್ಪತ್ರೆಯಿಂದ ಬಂದವಳು ಮತ್ತೆ ಏಳಲಿಲ್ಲ. ಸಿಟ್ಟು ಬರಲ್ವಾ?"

"ಅದನ್ನ... ನೀರಕ್ಕಂಗೆ ಬರೆದಿದ್ರಾ?"

"ನಮ್ಮಮ್ಮನ ಕಾಯಿಲೆನ ಊರಿಗೆಲ್ಲ ಯಾಕೆ ಬರೀಲಿ?"

ಅವಳು ಕಣ್ಣು ಮುಚ್ಚಿದಳು. ಎರಡು ವರ್ಷ! ಮೂರ್ಖ, ಮೊಂಡ ಎಂದು ತಾನು ಮನಸ್ಸಿನಲ್ಲೇ ಬೈದ ಮನುಷ್ಯ ಇವನು.

"ತಮಾಷೆ ಏನು ಗೊತ್ತಾ?" ಅವನು ನಗಲು ನೋಡಿದ, ಆಗಲಿಲ್ಲ. "ಬೈತಾ ಬೈತಾನೇ ಅವಳು ಬರೆದಿದ್ದೆಲ್ಲ ಓದ್ತಿದ್ದೆ. ಕಚೇರಿ ಮೆಸೇಜು ದಿನಾ ಬರುತ್ತೆ, ಯಾರು ನೋಡ್ತಾರೆ? ಇವಳು ಕಿರುಚಿದ್ರೆ ಮಾತ್ರ, ಇವತ್ತೇನೋ ಇದೆ ಅನ್ಸೋದು. ಅಲ್ಲಿ ಜಗಳ ಆಡ್ತಿದ್ದೆ, ಇಲ್ಲಿ ಅಮ್ಮನ ಔಷಧಿ ಚೀಲ ಕಟ್ಟಿಡ್ತಿದ್ದೆ."

"ಅವತ್ತು...?"

"ಅವತ್ತು ಮೇಲಿನ ಬಡಾವಣೇಲಿ ಕೆಲಸ. ಅಮ್ಮನ್ನ ಪಕ್ಕದ ಮನೆಯವರು ನೋಡ್ಕೊಳ್ತಿದ್ರು. ಮೋಡ ಕವೀತಾ ಇದ್ದಿದ್ದು ನೋಡಿ ಫೋನ್ ತೆಗೆದೆ. ನೀರಕ್ಕಂದು ಏನೂ ಇಲ್ಲ. ಮತ್ತೆ ಮತ್ತೆ ನೋಡಿದೆ. ಅವಳೇ ಸುಮ್ನಿದಾಳೆ ಅಂದ್ರೆ ಏನೂ ಇಲ್ಲ ಬಿಡು ಅಂತ... ಎರಡನೇ ಕೋಟ್ ಮುಗಿಸಿಯೇ ಹೋಗೋಣ ಅಂತ ನಿಂತೆ."

ಅವನು ತನ್ನ ಅಂಗೈಯನ್ನೇ ನೋಡುತ್ತ ಕೂತ. ಉಗುರಿನ ಸಂದಿಯಲ್ಲಿ ಯಾವುದೋ ಮನೆಯ ಹಳದಿ ಬಣ್ಣ ಇನ್ನೂ ಇತ್ತು.

"ನೀರು ನುಗ್ಗಿದಾಗ ಪಕ್ಕದ ಮನೆಯವರು ಅವರ ಮಕ್ಕಳನ್ನ ಎತ್ಕೊಂಡು ಓಡಿದ್ರು. ಅವರದ್ದು ತಪ್ಪಲ್ಲ. ನಾನು ಬಣ್ಣ ಹೊಡೀತಿದ್ದೆ ಕಣ್ರೀ. ತುಂಬಾ ಚೆನ್ನಾಗಿ ಹೊಡೆದೆ, ಒಂದು ಕಡೆನೂ ಕಲೆ ಬಿಡಲಿಲ್ಲ."

ಅವತ್ತು ಮಧ್ಯಾಹ್ನವೇ ನೀರಕ್ಕ ಬರೆದಿದ್ದಳು. ಮನೆ ಬಿಡಿ, ಈಗಲೇ ಬಿಡಿ ಎಂದು ಮೂರು ಸಲ ಬರೆದಿದ್ದಳು. ಊರೆಲ್ಲ ಓದಿತ್ತು. ಇವನೊಬ್ಬನಿಗೆ ಕಂಡಿರಲಿಲ್ಲ.

ಯಾಕೆಂದರೆ ಅದರ ಹಿಂದಿನ ದಿನ ಅವಳು ಅವನನ್ನು ಬ್ಲಾಕ್ ಮಾಡಿದ್ದಳು.

* * *

ಆ ಸಂಜೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಫೋನ್ ತೆರೆದಳು. ಅವರ ಕೊನೆಯ ಜಗಳ ಹಾಗೆಯೇ ಇತ್ತು.

"ನಿಜ ಹೇಳಿ ನೀರಕ್ಕ, ನೀರು ಬರಲಿ ಅಂತಲೇ ಕಾಯ್ತಿದೀರಿ ಅಲ್ವಾ? ಬಂದ್ರೆ ತಾನೇ ನೀವು ಗೆಲ್ಲೋದು!"

ಆ ಮಾತು ಅವಳಿಗೆ ಅಷ್ಟೊಂದು ಚುಚ್ಚಿದ್ದು ಅದರಲ್ಲಿ ಸಾಸಿವೆಯಷ್ಟು ನಿಜ ಇದ್ದುದರಿಂದ. ತಾನು ಹೇಳಿದ್ದು ಆಗಲಿ, ಆಗ ಇವರಿಗೆಲ್ಲ ಬುದ್ಧಿ ಬರುತ್ತದೆ ಎಂದು ಒಂದೆರಡು ಸಲ ಅವಳಿಗೆ ಅನ್ನಿಸಿತ್ತು. ಆ ಸಿಟ್ಟಿನಲ್ಲೇ ಅವಳು ಬರೆದಿದ್ದಳು, "ಮುಳುಗಿದ ಮೇಲೆ ಮಾತಾಡೋಣ." ಬರೆದವಳೇ ಬ್ಲಾಕ್ ಒತ್ತಿ, ಪೀಡೆ ತೊಲಗಿತು ಎಂದುಕೊಂಡು ನೆಮ್ಮದಿಯಾಗಿ ಮಲಗಿದ್ದಳು.

ಅದರ ಕೆಳಗೆ ಈಗ ಬೇರೆಯವರ ಮಾತುಗಳು ಸಾಲುಗಟ್ಟಿದ್ದವು.

"ನೀರಕ್ಕ ಗೆದ್ದರು!"

"ಸುಣ್ಣ ಎಲ್ಲಿ? ನೀರಲ್ಲಿ ಕರಗಿ ಹೋಯ್ತಾ?" ಅದರ ಪಕ್ಕ ನಗುವ ಮುಖಗಳು, ಸಾಲು ಸಾಲಾಗಿ.

ಇವರೆಲ್ಲ ಅವಳ ಕಡೆಯವರು! ವಿಜ್ಞಾನ ಬಲ್ಲವರು, ಅವಳನ್ನು ನಂಬಿದವರು. ಅವಳು ಒಂದೊಂದನ್ನೇ ಅಳಿಸುತ್ತ ಕೂತಳು. ಅಳಿಸಿದಷ್ಟೂ ಹೊಸದು ಬರುತ್ತಿತ್ತು.

'ಹೇಳಿಬಿಡಬೇಕು. ನಾಳೆಯೇ ಹೇಳಿಬಿಡಬೇಕು.'

ನಾಳೆ ಬಂತು, ಹೇಳಲಿಲ್ಲ. ಅವನು ಅವಳಿಗೆಂದು ಮೆಟ್ಟಿಲ ಕೆಸರು ತೊಳೆದು ಜಾಗ ಮಾಡಿಟ್ಟಿದ್ದ. ಅದನ್ನು ನೋಡಿದ ಮೇಲೆ ಹೇಗೆ ಹೇಳುವುದು? ನಾಡಿದ್ದು ಹೇಳೋಣ ಎಂದುಕೊಂಡಳು. ಪ್ರೀತಿ ಬೆಳೆಯುತ್ತ ಹೋದಷ್ಟೂ ನಾಲಿಗೆ ಮೊಂಡಾಗುತ್ತ ಹೋಯಿತು.

ಬೇಸಿಗೆ ಬಂತು. ಸೇತುವೆಯ ಕಂಬದ ಮೇಲಿನ ನೀರಿನ ಮಟ್ಟದ ಅಂಕಿಗಳು ಪ್ರವಾಹಕ್ಕೆ ಅಳಿಸಿಹೋಗಿದ್ದವು. ಅವನ್ನು ಮತ್ತೆ ಬರೆಯುವ ಕೆಲಸ ಪೇಂಟರ್‌ಗೆ ಸಿಕ್ಕಿತು. ಅವಳು ಕೆಳಗೆ ನಿಂತು ಅಳತೆ ಹೇಳುತ್ತಿದ್ದಳು, ಅವನು ಏಣಿಯ ಮೇಲೆ ಕಪ್ಪು ಬಣ್ಣದಲ್ಲಿ ಅಂಕಿ ತಿದ್ದುತ್ತಿದ್ದ. ಏನೂ ಗೊತ್ತಿಲ್ಲದವಳಂತೆ ನದಿ ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು.

ಏಣಿ ಇಳಿದು ಬಂದವನು ಬ್ರಶ್ಶನ್ನು ಒರೆಸುತ್ತಲೇ ನಿಂತ. ಅದು ಆಗಲೇ ಸ್ವಚ್ಛವಾಗಿತ್ತು!

"ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ಅಕ್ಕ ಕೇಳ್ತಿದಾಳೆ... ಟೇಪಮ್ಮ ನಮ್ಮನೆಗೇ ಬಂದುಬಿಡ್ತಾಳಾ ಅಂತ." ಬ್ರಶ್ಶನ್ನು ಡಬ್ಬಿಯ ಮೇಲಿಟ್ಟ. "ಅಕ್ಕ ಅಲ್ಲ. ನಾನೇ ಕೇಳ್ತಿದೀನಿ."

ಇಷ್ಟು ದಿನ ಅವಳು ಕಾದದ್ದು ಇದೇ ಮಾತಿಗೆ. ಇದೇ ಮಾತಿಗೆ ಹೆದರಿದ್ದಳು ಕೂಡ. ಕಣ್ಣು ತುಂಬಿ ಬಂತು.

"ನಾನೇ ನೀರಕ್ಕ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ತಮಾಷೆಯೆಂದುಕೊಂಡು ನಕ್ಕ. ಅವಳ ಮುಖ ನೋಡಿ ನಗು ನಿಂತಿತು.

"ಅವತ್ತು ನಾನು ಸುಮ್ನಿರಲಿಲ್ಲ. ಮಧ್ಯಾಹ್ನಾನೇ ಬರೆದಿದ್ದೆ. ಮೂರು ಸಲ. ನಿಮಗೆ ಕಾಣಿಸಲಿಲ್ಲ... ಹಿಂದಿನ ದಿನ ನಿಮ್ಮನ್ನ ಬ್ಲಾಕ್ ಮಾಡಿದ್ದೆ."

ಅವನು ಏಣಿಗೆ ಕೈ ಊರಿದ.

"ಇನ್ನೊಂದಿದೆ, ಅದನ್ನೂ ಹೇಳಿಬಿಡ್ತೀನಿ. ಬ್ಲಾಕ್ ಮಾಡೋಕೆ ಮುಂಚೆ ಬರೆದಿದ್ದೆ, ಮುಳುಗಿದ ಮೇಲೆ ಮಾತಾಡೋಣ ಅಂತ. ಆಗ ನೀವು ಯಾರು ಅಂತ ಗೊತ್ತಿರಲಿಲ್ಲ. ಅಮ್ಮ ಇದಾರೆ ಅಂತಲೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನೋದು ನೆಪ ಅಲ್ಲ... ನನಗೆ ಬೇರೆ ಮಾತು ಸಿಗ್ತಿಲ್ಲ."

ಅವನು ನೀರಿನ ಕಡೆ ತಿರುಗಿದ.

"ಯಾವಾಗಿಂದ ಗೊತ್ತು ನಿಮಗೆ? ನಾನೇ ಸುಣ್ಣ ಅಂತ?"

"ಮೆಟ್ಟಿಲ ಮೇಲೆ ಟೀ ಕುಡೀತಾ ನೀವು ಹೇಳಿದ ದಿನದಿಂದ."

"ಅಷ್ಟು ದಿನ ನಮ್ಮನೆ ಟೀ ಕುಡಿದ್ರಿ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಏಣಿಯನ್ನು ಹೆಗಲಿಗೇರಿಸಿಕೊಂಡು ದಡ ಹತ್ತಿ ಹೋದ. ಬಣ್ಣದ ಡಬ್ಬಿ ಕಂಬದ ಬುಡದಲ್ಲೇ ಉಳಿಯಿತು.

* * *

ಆಮೇಲಿನ ದಿನಗಳನ್ನು ಏನೆಂದು ಹೇಳಲಿ? ಅವಳು ಕಚೇರಿಗೆ ಹೋದಳು, ಬಂದಳು. ಉಂಡದ್ದು ಮೈಗೆ ಹತ್ತಲಿಲ್ಲ. ಬ್ಲಾಕ್ ತೆಗೆದಿದ್ದಳು. ಸುಣ್ಣದಿಂದ ಒಂದಕ್ಷರ ಬರಲಿಲ್ಲ. ಎರಡು ವರ್ಷ ಆ ಮನುಷ್ಯ ಬಾಯಿ ಮುಚ್ಚಲಿ ಎಂದು ಬಯಸಿದ್ದವಳು ಈಗ ಅವನ ಒಂದು ಬೈಗುಳಕ್ಕಾಗಿ ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಿದ್ದಳು.

ಬೀದಿ ಬಿಟ್ಟು ಹೋಗಲು ಜನರಿಗೆ ಬೇರೆ ಜಾಗ ಸಿಗಲಿಲ್ಲ. ಗೋಡೆಗಳಿಗೆ ಹೊಸ ಸುಣ್ಣ ಬಳಿದುಕೊಂಡು ಅಲ್ಲೇ ಉಳಿದರು.

ಮತ್ತೆ ಮಳೆಗಾಲ. ಆ ದಿನ ನೀರು ಎಷ್ಟು ಏರುತ್ತದೆಂಬ ಲೆಕ್ಕ ಹಾಕಿ ಮುಗಿಸಿ ಅವಳು ಸಾಹೇಬರನ್ನು ಕರೆದಳು. ಸಾಹೇಬರು ಪರದೆ ನೋಡಿ ಕನ್ನಡಕ ತೆಗೆದರು.

"ಇದು ತಪ್ಪಿರಬಹುದಲ್ವೇನಮ್ಮ?"

"ತಪ್ಪಾಗಲಿ ಅಂತಲೇ ಮೂರು ಸಲ ಹಾಕಿದೆ ಸರ್."

ಕಚೇರಿಯ ಎಚ್ಚರಿಕೆ ಹೋಯಿತು. ನೀರಕ್ಕನೂ ಬರೆದಳು. ಕೆಳಗೆ ಮಾಮೂಲಿ ಗದ್ದಲ ಶುರುವಾಯಿತು. ಒಬ್ಬ ಹೆದರಿಸುವ ದಂಧೆ ಎಂದ. ಇನ್ನೊಬ್ಬ ಬಿಸಿಯಾಗುತ್ತಿರುವುದು ಭೂಮಿಯಲ್ಲ, ನಿಮ್ಮ ತಲೆ ಎಂದ. ಅವರಿಗೆ ಅವಳ ಕಡೆಯವರ ಉತ್ತರ, ಅದಕ್ಕೆ ಮತ್ತೆ ನಗುವ ಮುಖಗಳು. ಕಿಟಕಿಯಾಚೆ ಮಳೆ ಜೋರಾಗುತ್ತಿತ್ತು. ಈ ಜನ ಇನ್ನೂ ವಾದ ಮಾಡುತ್ತಿದ್ದರು! ಅವಳಿಗೆ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಡೋಣ ಎನ್ನಿಸಿತು.

ಆಗ ಆ ಗದ್ದಲದ ನಡುವೆ ಒಂದು ಸಾಲು ಮೂಡಿತು.

ಸುಣ್ಣ: "ಎಷ್ಟು ಗಂಟೆಗೆ, ಎಷ್ಟು ಅಡಿ?"

ಅವಳು ತಕ್ಷಣ ಬರೆದಳು.

"ಸಂಜೆ ಆರರ ಹೊತ್ತಿಗೆ ಬೀದಿಗೆ ನೀರು. ಹೋದ ಸಲದ ಗೆರೆಗಿಂತ ಎರಡು ಅಡಿ ಮೇಲೆ. ತಪ್ಪಾಗಬಹುದು. ತಪ್ಪಾದರೆ ಬಂದು ಬೈಯಿರಿ, ಕೂತು ಬೈಸಿಕೊಳ್ತೀನಿ. ಈಗ ಹೊರಡಿ."

ಅವಳು ಗಡಿಯಾರ ನೋಡಿದಳು. ಆಮೇಲೆ ಉತ್ತರ ಬಂತು.

ಸುಣ್ಣ: "ಹೊರಟ್ವಿ. ಬೀದಿ ಪೂರ್ತಿ."

ನೀರಕ್ಕನ ಮಾತಿಗೆ ಬಾಗಿಲು ತೆರೆಯದ ಬೀದಿ ಅದು. ಅವಳ ಜೊತೆ ಜಗಳ ಆಡುತ್ತಿದ್ದ ಸುಣ್ಣನೇ ನಂಬಿದ್ದಾನೆ ಎಂದಾಗ ಜನ ಮೂಟೆ ಕಟ್ಟಿದರು. ಅಮ್ಮನ ಕುರ್ಚಿಯಲ್ಲಿ ಪೇಂಟರ್ ಪಕ್ಕದ ಮನೆಯ ಮುದುಕನನ್ನು ಕೂರಿಸಿಕೊಂಡು ಹೊತ್ತು ನಡೆದನಂತೆ.

ನೀರು ಬಂತು. ಅವಳು ಹೇಳಿದ್ದಕ್ಕಿಂತಲೂ ಮೇಲೆ ಬಂತು.

* * *

ಬೆಳಗ್ಗೆ ಅವಳು ಶಾಲೆಯ ಹಾಲ್‌ಗೆ ಹೋದಾಗ ಬೀದಿಯ ಜನ ಚಾಪೆಗಳ ಮೇಲೆ ಕೂತಿದ್ದರು. ಯಾರೂ ಸತ್ತಿರಲಿಲ್ಲ. ಆದರೆ ಯಾರ ಮುಖದಲ್ಲೂ ಬದುಕಿದ ಕಳೆ ಇರಲಿಲ್ಲ. ಬೀದಿಯ ಕೆಳಗಿನ ಸಾಲು ಪೂರ್ತಿ ಕುಸಿದಿತ್ತು. ಫೋನಿನಲ್ಲಿ ಆಗಲೇ ಯಾರೋ ಬರೆದಿದ್ದರು, "ಒಬ್ಬರೂ ಸಾಯಲಿಲ್ಲವಲ್ಲ, ಇದಕ್ಕೆ ಇಷ್ಟು ರಂಪ ಬೇಕಿತ್ತಾ?"

ಬಾಗಿಲಲ್ಲಿ ಅಕ್ಕ ಎದುರಾದಳು. ಅವಳನ್ನೇ ದಿಟ್ಟಿಸಿ ನೋಡಿದಳು.

"ನಿನ್ನ ಮೇಲೆ ನಂಗಿನ್ನೂ ಸಿಟ್ಟಿದೆ, ಟೇಪಮ್ಮ." ಕೈಯಲ್ಲಿದ್ದ ಟೀ ಲೋಟವನ್ನು ಅವಳ ಕೈಗೆ ತುರುಕಿದಳು. "ಹಿಂದಿನ ಮೆಟ್ಟಿಲ ಮೇಲೆ ಕೂತಿದಾನೆ. ಆರೋಕೆ ಮುಂಚೆ ತಗೊಂಡು ಹೋಗು."

ಅವನ ಬಟ್ಟೆಯೆಲ್ಲ ಕೆಸರು. ಪಕ್ಕದಲ್ಲಿ ಅಮ್ಮನ ಊರುಗೋಲು. ಕುರ್ಚಿ ಬಿಟ್ಟರೆ ಮನೆಯಿಂದ ಅವನು ತಂದದ್ದು ಅದೊಂದೇ. ಅವಳು ಟೀ ಇಟ್ಟು ಸ್ವಲ್ಪ ದೂರದಲ್ಲಿ ಕೂತಳು.

"ಮನೆ ಹೋಯ್ತು" ಎಂದ. "ಮಂಚದ ಹತ್ರ ಬಿಟ್ಟಿದ್ದೆನಲ್ಲ ಗೆರೆ... ಆ ಗೋಡೆನೂ ಹೋಯ್ತು."

"ಗೊತ್ತಾಯ್ತು."

"ನಿಮ್ಮನ್ನ ಕ್ಷಮಿಸೋಕೆ ಆಗ್ತಿಲ್ಲ ನಂಗೆ."

"ಗೊತ್ತು." ಅವಳ ಕಣ್ಣಿಂದ ನೀರು ಇಳಿಯಿತು. "ಕೇಳೋಕೂ ಬಂದಿಲ್ಲ."

"ನನ್ನನ್ನೇ ಕ್ಷಮಿಸ್ಕೊಳ್ಳೋಕೆ ಆಗ್ತಿಲ್ಲ. ಮೋಡ ನನ್ನ ಕಣ್ಣಿಗೇ ಕಾಣ್ತಿತ್ತಲ್ಲ. ಎರಡನೇ ಕೋಟ್ ಹೊಡಿ ಅಂತ ನೀನೇನೂ ಹೇಳಿರಲಿಲ್ಲ." ನೀವು ಹೋಗಿ ನೀನು ಆದದ್ದು ಅವನಿಗೇ ಗೊತ್ತಾಗಲಿಲ್ಲ. "ಇಷ್ಟು ತಿಂಗಳು ಒಬ್ಬನೇ ಹೊತ್ಕೊಂಡು ತಿರುಗಿದೆ. ಬೇರೆ ಯಾರಿಗೆ ಹೇಳಿದ್ರೂ ಸಮಾಧಾನ ಮಾಡೋಕೆ ಬರ್ತಾರೆ. ಇದು ಎಷ್ಟು ಭಾರ ಅಂತ ಗೊತ್ತಿರೋದು ನಿಂಗೊಬ್ಬಳಿಗೇ. ಒಬ್ಬನ ಕೈಲಿ ಆಗ್ತಿಲ್ಲ ಕಣೇ..."

ಅವಳು ಹತ್ತಿರ ಸರಿದಳು. ಅವನ ತಲೆ ಅವಳ ಹೆಗಲಿಗೆ ಬಿತ್ತು. ಅಮ್ಮ ಹೋದಾಗಿನಿಂದ ಅಳದವನು ಅವತ್ತು ಅತ್ತ. ಅವಳೂ ಅತ್ತಳು.

ಟೀ ಆರಿಹೋಯಿತು.

"ಮುಂದಿನ ವರ್ಷ?" ಅವನು ಕೇಳಿದ. "ಮತ್ತೆ ಬರುತ್ತಾ?"

"ಮುಂದಿನ ವರ್ಷವೇ ಅಂತ ಹೇಳೋಕಾಗಲ್ಲ. ಆದ್ರೆ ಬರುತ್ತೆ. ಇದಕ್ಕಿಂತ ಹೆಚ್ಚೇ ಬರುತ್ತೆ." ಎಷ್ಟೋ ಸಲ ಎಷ್ಟೋ ಜನರ ಮುಂದೆ ಗಟ್ಟಿಯಾಗಿ ಹೇಳಿದ ಮಾತದು. ಇವತ್ತು ಹೇಳುವಾಗ ಅವಳ ದನಿ ಉಡುಗಿಹೋಯಿತು. ಅವನ ಅಂಗಿಯ ತುದಿ ಹಿಡಿದುಕೊಂಡಳು. "ನಂಗೆ ಸಾಕಾಗಿದೆ... ಎರಡು ವರ್ಷ ಜಗಳ ಆಡಿದ್ರಲ್ಲ, ಇವತ್ತೊಂದು ಸಲ ಆಡಿ. ಇದೆಲ್ಲ ಸುಳ್ಳು, ನೀರು ಬರಲ್ಲ ಅಂತ ಹೇಳಿ. ಒಂದೇ ಒಂದು ಸಲ... ನನಗೋಸ್ಕರ."

ಅವನು ಬಾಯಿ ತೆರೆದ. ಕೆಳಗೆ ಇನ್ನೂ ಇಳಿಯದ ನೀರಿನ ಕಡೆ ನೋಡಿದ. ಎರಡು ವರ್ಷ ದಿನಾ ಬರೆದ ಮಾತು ಅವನ ಬಾಯಿಗೆ ಬರಲಿಲ್ಲ.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

"ಹಾಗಾದ್ರೆ... ಎದ್ದು ಹೋಗಬೇಡಿ."

"ಎಲ್ಲಿಗೆ ಹೋಗ್ಲಿ?" ಅವನು ಆರಿದ ಟೀಯನ್ನು ಅವಳ ಕೈಗಿತ್ತ. "ಅರ್ಧ ನೀನು ಕುಡಿ. ಅರ್ಧ ನಂಗಿಡು."